ಕಾಡತೂಸಿನ ಲೆಕ್ಕ, ಮ್ಯಾಗಜೀನಿನ ಸ್ಥಾನ: ಕಲಂ 45(ಡಿ)ಯ ಒಂದು ಓದು

ನಮ್ಮಲ್ಲಿ ನಾಗರಿಕರ ಬಂದೂಕಿನ ಮ್ಯಾಗಜೀನಿಗೆ ಮಿತಿಯೇ ಇಲ್ಲ ಎಂಬ ಮಾತು ಬಳಕೆಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿರುವಂತೆ ಹತ್ತು ಗುಂಡಿನ ಗೆರೆ 1959ರ ಆಯುಧ ಕಾಯ್ದೆಯಲ್ಲಿ ಇಲ್ಲ, ನಿಜ. ಆದರೆ ಅಂಕಿ ಇಲ್ಲವೆಂದು ನಿರ್ಬಂಧವೂ ಇಲ್ಲವೆನ್ನುವುದನ್ನು ನಾನು ಒಪ್ಪಲಾರೆ.

ನಿರ್ವಿವಾದವಾದುದನ್ನು ಬೇಗ ಮುಗಿಸುತ್ತೇನೆ. ಕಲಂ 2(1)(ಐ)ಯ ನಿಷಿದ್ಧ ಆಯುಧದ ವ್ಯಾಖ್ಯೆಯಲ್ಲಿ ‘ಮ್ಯಾಗಜೀನ್’ ಎಂಬ ಪದವಿದೆ. ಅಲ್ಲಿ ಅದು ಹೇಳುವುದು ಗುಂಡು ಹಾರುವ ಬಗೆಯನ್ನು, ಎಷ್ಟು ಹಿಡಿಯುತ್ತದೆ ಎಂಬುದನ್ನಲ್ಲ. 2019ರ ತಿದ್ದುಪಡಿ ಒಬ್ಬರ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಉಳಿದಂತೆ ಕಾನೂನು ಎಣಿಸುವುದು ಕಾಡತೂಸನ್ನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯಲ್ಲೇ ನೋಡಿ: ಕೊಡಗಿನ ಹೊರಗೆ ಒಂದು ರೈಫಲ್ಲಿಗೆ 100, ಒಂದು ಕೋವಿಗೆ 500. ನವಿ ಮುಂಬಯಿಗೆ ಬಂದ ಕೊಡವನಿಗೂ ಅದೇ ಲೆಕ್ಕ.

ಪರವಾನಗಿಯ ಮಾತಿಗೆ ಬಂದರೆ, ಕಲ್ಯಾಣ, ಡೊಂಬಿವಲಿಗಳು ಥಾಣೆ ಪೊಲೀಸ್ ಆಯುಕ್ತರ ವ್ಯಾಪ್ತಿಯವು. ನವಿ ಮುಂಬಯಿಗೆ ಬೇರೆ ಆಯುಕ್ತರು. ಎರಡು ಕಡೆಯೂ ಪರವಾನಗಿಯ ನಮೂನೆ ಒಂದೇ. ಆಯುಧದ ವಿವರ, ಒಮ್ಮೆಗೆ ಇಟ್ಟುಕೊಳ್ಳಬಹುದಾದ ಕಾಡತೂಸು, ವರ್ಷಕ್ಕೆ ಕೊಳ್ಳಬಹುದಾದದ್ದು, ಇಷ್ಟಕ್ಕೆ ಜಾಗವಿದೆ. ಮ್ಯಾಗಜೀನಿಗೆ ಅಂಕಣವಿಲ್ಲ.

ಹಾಗಾದರೆ ಡೊಂಬಿವಲಿಯ ಒಂದು ಮನೆಯಲ್ಲಿ ಪಿಸ್ತೂಲಿಲ್ಲದೆ ಬರೀ ಮ್ಯಾಗಜೀನ್ ಸಿಕ್ಕರೆ? ಕಲಂ 2(1)(ಇ) ಬಂದೂಕಿನ ಭಾಗಗಳನ್ನೂ ಬಂದೂಕೆಂದೇ ಕರೆಯುತ್ತದೆ. ಕಲಂ 45(ಡಿ) ಸಣ್ಣ ಭಾಗಗಳನ್ನು ಹೊರಗಿಡುತ್ತದೆ, ಆದರೆ ಅವನ್ನು ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದಿದ್ದರೆ ಮಾತ್ರ. ಆ ಪೂರಕ ಭಾಗ ಮ್ಯಾಗಜೀನ್ ಇಟ್ಟುಕೊಂಡವನಲ್ಲೇ ಇರಬೇಕೆಂದಿಲ್ಲ, ಇನ್ನೊಬ್ಬನಲ್ಲಿದ್ದರೂ ಸಾಕು. ದಿಲ್ಲಿ ಹೈಕೋರ್ಟು ಒಂಟಿ ಕಾಡತೂಸಿನ ಪ್ರಕರಣಗಳನ್ನು ಈ ಕಲಮಿನ ಬಲದಿಂದಲೇ ರದ್ದುಪಡಿಸಿದೆ. ಅದೇ ರಿಯಾಯಿತಿ ಮ್ಯಾಗಜೀನಿಗೂ ಸಲ್ಲುತ್ತದೆಂದು ವಾದಿಸಬಹುದು: ಚೇಂಬರಿನಲ್ಲಿ ಗುಂಡಿದ್ದರೆ ಎಷ್ಟೋ ಪಿಸ್ತೂಲುಗಳು ಮ್ಯಾಗಜೀನಿಲ್ಲದೆಯೂ ಅದನ್ನು ಹಾರಿಸುತ್ತವೆ. ಆದರೆ ಬ್ರೌನಿಂಗ್ ಹೈ-ಪವರಿನ ಮೂಲ ವಿನ್ಯಾಸದಲ್ಲಿ ಮ್ಯಾಗಜೀನ್ ಕಳಚಿದರೆ ಟ್ರಿಗರ್ ಎಳೆದರೂ ಗುಂಡು ಹಾರದು. ಅಂಥದ್ದನ್ನು ಸಣ್ಣ ಭಾಗವೆನ್ನುವುದು ಹೇಗೆ? ನನ್ನ ಮಟ್ಟಿಗೆ, ಕನಿಷ್ಠ ಇಂಥ ವಿನ್ಯಾಸದ ಪಿಸ್ತೂಲುಗಳಲ್ಲಿ, ಮತ್ತು ಬಳಸುವ ಉದ್ದೇಶ ಸಾಕ್ಷ್ಯದಿಂದ ತೋರಿಬಂದಲ್ಲಿ, ಬಿಡಿ ಮ್ಯಾಗಜೀನ್ ಪರವಾನಗಿ ಬೇಕಾದ ಬಂದೂಕೇ ಆಗುತ್ತದೆ. ಇತರ ಪಿಸ್ತೂಲುಗಳಿಗೆ ಈ ಮಾತನ್ನು ಇಷ್ಟೇ ಧೈರ್ಯದಿಂದ ಹೇಳಲಾರೆ.

ಅಮೆರಿಕದ ಒಂಬತ್ತನೇ ಸರ್ಕಿಟ್ ನ್ಯಾಯಾಲಯ 2025ರ ಮಾರ್ಚಿನಲ್ಲಿ, ದೊಡ್ಡ ಮ್ಯಾಗಜೀನ್ ಸಂವಿಧಾನ ಹೇಳುವ ‘ಆಯುಧ’ವಲ್ಲ ಎಂದು ಹೇಳಿಯೇ ಕ್ಯಾಲಿಫೋರ್ನಿಯಾದ ನಿಷೇಧವನ್ನು ಉಳಿಸಿತು. ನಮ್ಮಲ್ಲಿ ಅದು ಆಯುಧದ ಭಾಗವಾದಾಗಲೇ ನಿರ್ಬಂಧ ತಗಲುತ್ತದೆ.

ಪರವಾನಗಿ ಪಡೆದ ಪಿಸ್ತೂಲಿಗೇ ಅದರೊಂದಿಗೆ ಬಂದುದಕ್ಕಿಂತ ದೊಡ್ಡ ಮ್ಯಾಗಜೀನ್ ಹಾಕಿಕೊಂಡವನ ಪ್ರಶ್ನೆ ಇನ್ನೂ ಕಠಿಣ. ಆ ಪರವಾನಗಿ ಅದನ್ನೂ ಒಳಗೊಳ್ಳುತ್ತದೆಯೇ ಎಂಬುದು ಕಲಂ 2(1)(ಇ) ಮತ್ತು 45(ಡಿ)ಗಳಿಂದ ಮಾತ್ರ ಇತ್ಯರ್ಥವಾಗದು.