ಟಪ್ಪಾಲು ಕಟ್ಟಡಕ್ಕೆ ಹೆಸರಿಟ್ಟ ಕಾಯಿದೆ

ನಮ್ಮ ದೇಶದಲ್ಲಿ ಟಪ್ಪಾಲು ಕಚೇರಿಗೆ ಸಾಮಾನ್ಯವಾಗಿ ಊರಿನ ಹೆಸರೇ ಹೆಸರು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಾದರೋ ಬೇರೊಂದು ಸಂಪ್ರದಾಯವುಂಟು. ಲೋಕಸೇವೆಯಲ್ಲಿ ಬಾಳು ಸವೆಯಿಸಿದವರ ಹೆಸರನ್ನು ಅವರ ಸೀಮೆಯ ಟಪ್ಪಾಲು ಕಟ್ಟಡಕ್ಕೆ ಇಡುವದುಂಟು. ಇದಕ್ಕೆ ಊರವರು ಕೂಡಿ ಒಪ್ಪಿದರೆ ಸಾಲದು. ಒಂದು ಕಾಯಿದೆಯೇ ಆಗಬೇಕು. ಶಾಸನಸಭೆಯ ಎರಡೂ ಮನೆಗಳು ಸಮ್ಮತಿಸಿ, ರಾಷ್ಟ್ರಾಧ್ಯಕ್ಷರು ರುಜು ಹಾಕಿದ ಮೇಲೆ ಆ ಹೆಸರು ಫಲಕಕ್ಕೆ ಏರುವದು. ಇಷ್ಟು ಸಣ್ಣ ಕಾರ್ಯಕ್ಕೆ ಇಷ್ಟು ದೊಡ್ಡ ಯಂತ್ರವೇಕೆಂದು ಅಲ್ಲಿಯವರೇ ನಗುವದುಂಟು. ಆದರೆ ಎಲ್ಲ ಹೆಸರುಗಳ ವಿಷಯದಲ್ಲಿಯೂ ಆ ನಗೆ ಸಲ್ಲದು.

ಕ್ಯಾಲಿಫೋರ್ನಿಯಾ ಪ್ರಾಂತದ ಟೆಮೆಕ್ಯುಲಾ ಎಂಬ ಊರಿನ ಟಪ್ಪಾಲು ಕಟ್ಟಡಕ್ಕೆ 2005ನೆಯ ಇಸವಿಯಲ್ಲಿ ದಲೀಪ್ ಸಿಂಗ್ ಸೌಂದ್‌ರವರ ಹೆಸರನ್ನಿಟ್ಟರು. ಇವರು 1899ರಲ್ಲಿ ಪಂಜಾಬದ ಹಳ್ಳಿಯೊಂದರಲ್ಲಿ ಜನಿಸಿದವರು. 1920ರಲ್ಲಿ ವಿದ್ಯಾರ್ಥಿಯಾಗಿ ಅಮೇರಿಕೆಗೆ ತೆರಳಿ, 1924ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಿಂದ ಗಣಿತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಅಷ್ಟು ಓದಿದವರಿಗೆ ದೊರೆತ ಉದ್ಯೋಗವೇನು? ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬಿಡಿಸುವ ಕೂಲಿಗಳ ಮೇಲೆ ಮೇಸ್ತ್ರಿತನ! ಮುಂದೆ ತಾವೇ ಒಕ್ಕಲುತನಕ್ಕೆ ಇಳಿದರು. ಹಿಂದೂದೇಶದವರು ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಪೌರತ್ವಕ್ಕೆ ಅರ್ಹನಲ್ಲದವನು ಕ್ಯಾಲಿಫೋರ್ನಿಯಾದಲ್ಲಿ ಹೊಲವನ್ನು ಕೊಳ್ಳಲಾಗದೆಂಬ ಕಾಯಿದೆ 1913ರಿಂದಲೇ ಇದ್ದಿತು. ಬೆವರು ತಮ್ಮದು, ಭೂಮಿಯ ಕಾಗದ ಪರರದು!

ಸೌಂದ್‌ರವರು ಎದೆಗುಂದಲಿಲ್ಲ. 1942ರಲ್ಲಿ ಅಲ್ಲಿಯ ಭಾರತೀಯರನ್ನು ಕೂಡಿಸಿ ಸಂಘವೊಂದನ್ನು ಸ್ಥಾಪಿಸಿ, ಪೌರತ್ವದ ಹಕ್ಕಿಗಾಗಿ ಹೆಣಗಿದರು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್‌ರವರು ರುಜು ಹಾಕಿದ ಲೂಸ್-ಸೆಲ್ಲರ್ ಕಾಯಿದೆಯು ಭಾರತೀಯರಿಗೆ ಆ ಬಾಗಿಲನ್ನು ತೆರೆಯಿತು. ವರ್ಷಕ್ಕೆ ನೂರು ಜನರು ವಲಸೆ ಬರಬಹುದೆಂದೂ ವಿಧಿಸಿತು. ನೂರು ಎಂಬುದು ಔದಾರ್ಯವೋ ಲೋಭವೋ, ವಾಚಕರೇ ಎಣಿಸಲಿ. 1949ರ ಡಿಸೆಂಬರಿನಲ್ಲಿ ಸೌಂದ್‌ರವರು ಪೌರರಾದರು. ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಎಂಬ ಚಿಕ್ಕ ಊರಿನವರು ಅವರನ್ನು ನ್ಯಾಯಾಧೀಶರನ್ನಾಗಿ ಆರಿಸಿದರು. ಆದರೆ ಪೌರರಾಗಿ ಒಂದು ವರ್ಷ ತುಂಬಿರಲಿಲ್ಲವೆಂದು ಆ ಸ್ಥಾನವನ್ನು ಕೊಡದೆ ಹೋದರು. 1952ರಲ್ಲಿ ಪುನಃ ನಿಂತು ಪುನಃ ಗೆದ್ದರು. ಜನರು ಎರಡು ಸಲ ಕೊಟ್ಟುದನ್ನು ಕಾನೂನು ಒಂದು ಸಲ ಕೊಟ್ಟಿತು.

1956ರ ಚುನಾವಣೆಯಲ್ಲಿ ವಿಖ್ಯಾತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್‌ರವರನ್ನು ಸೋಲಿಸಿ, ಏಶಿಯಾದಲ್ಲಿ ಹುಟ್ಟಿ ಅಮೇರಿಕೆಯ ಪ್ರತಿನಿಧಿಸಭೆಯಲ್ಲಿ ಮತವುಳ್ಳ ಸದಸ್ಯರಾದವರಲ್ಲಿ ಇವರು ಮೊದಲಿಗರಾದರು. ಟೆಮೆಕ್ಯುಲಾ ಇರುವ ರಿವರ್‌ಸೈಡ್ ಸೀಮೆಯೂ ಇಂಪೀರಿಯಲ್ ಸೀಮೆಯೂ ಅವರ ಕ್ಷೇತ್ರ. ಮೂರು ಅವಧಿಗಳು ಸೇವೆ ನಡೆಯಿತು. 1962ರಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆ ವರ್ಷದ ಚುನಾವಣೆಯಲ್ಲಿ ಸೋತರು. 1973ರಲ್ಲಿ ದೇಹವಿಟ್ಟರು.

ಹೆಸರಿಡುವ ಕಾಯಿದೆಗೆ ರುಜು ಹಾಕಿದ ಅಧ್ಯಕ್ಷ ಜಾರ್ಜ್ ಬುಷ್‌ರವರದು ಒಂದು ಪಕ್ಷ, ಸೌಂದ್‌ರವರದು ಎದುರು ಪಕ್ಷ. ಅದು ಅಡ್ಡಿಯಾಗಲಿಲ್ಲ. ಹೊಲದ ಕಾಗದದಲ್ಲಿ ಇರಬಾರದೆಂದು ಕಾನೂನು ತಡೆದಿದ್ದ ಹೆಸರನ್ನು ಸರಕಾರದ ಕಟ್ಟಡದ ಮೇಲೆ ಕಾನೂನೇ ಬರೆಯಿಸಿತು. ಆ ಊರಿಗೆ ಹೋಗುವ ಕಾಗದಗಳ ವಿಳಾಸವೇನೂ ಬದಲಾಗಲಿಲ್ಲ. ಲಕೋಟೆಯ ಮೇಲೆ ಟೆಮೆಕ್ಯುಲಾ ಎಂದೇ ಬರೆಯುವರು.