ಕಾರ್ಖಾನೆಯ ಗಡಿ ಎಲ್ಲಿಗೆ ಮುಗಿಯುತ್ತದೆ?

ಬೆಂಗಳೂರಿನ ಗರುಡಾಚಾರ್‌ಪಾಳ್ಯದಿಂದ ವೈಟ್‌ಫೀಲ್ಡ್ ಕಡೆಗೆ ಹೊರಟು ಹೂಡಿ ದಾಟಿದ ಮೇಲೆ ಸಿಗುವ ಒಂದು ಕೂಡುರಸ್ತೆಯನ್ನು ಜನ ಇಂದಿಗೂ ಗ್ರಾಫೈಟ್ ಇಂಡಿಯಾ ಜಂಕ್ಷನ್ ಎಂದೇ ಕರೆಯುತ್ತಾರೆ. ಆ ಹೆಸರು ಕೊಟ್ಟ ಕಾರ್ಖಾನೆ ಮಾತ್ರ 2019ರಲ್ಲಿ ಕೆಲಸ ನಿಲ್ಲಿಸಿತು. ಮನೆಗಳ ಮೇಲೆ ಕಪ್ಪು ಮಸಿ ಕೂರುತ್ತಿದೆ ಎಂದು ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ದೂರಿದ್ದರು. ಅಲ್ಲಿ ತಯಾರಾಗುತ್ತಿದ್ದುದು ಉಕ್ಕಿನ ವಿದ್ಯುತ್ ಕುಲುಮೆಗೆ ಬೇಕಾದ ಗ್ರಾಫೈಟ್ ಎಲೆಕ್ಟ್ರೋಡ್. ಪೆಟ್ರೋಲಿಯಂ ಕೋಕ್‌ಗೆ ಡಾಂಬರಿನಂಥ ಪಿಚ್ ಬೆರೆಸಿ, ಅಚ್ಚೊತ್ತಿ, ಸುಟ್ಟು, ಕೊನೆಗೆ ವಿದ್ಯುತ್ ಹಾಯಿಸಿ ಸುಮಾರು 3000 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿದರೆ ಅದು ಸಿದ್ಧವಾಗುತ್ತದೆ. ಅದರ ನೆರವಿನಿಂದ ಗುಜರಿ ಕಬ್ಬಿಣ ಕರಗಿ ಮತ್ತೆ ಉಕ್ಕಾಗುತ್ತದೆ. ಅದಿರು, ಕಲ್ಲಿದ್ದಲುಗಳಿಂದ ಹೊಸ ಉಕ್ಕು ಮಾಡುವುದಕ್ಕೆ ಹೋಲಿಸಿದರೆ ಇದರ ಇಂಗಾಲದ ಹೊರೆ ಬಹಳ ಕಡಿಮೆ. ಹಾಗಾದರೆ ಈ ಕಾರ್ಖಾನೆ ಪರಿಸರಕ್ಕೆ ಕೊಟ್ಟದ್ದೆಷ್ಟು, ಕಸಿದದ್ದೆಷ್ಟು? ಉತ್ತರ ನಾವು ಗೆರೆ ಎಲ್ಲಿ ಎಳೆಯುತ್ತೇವೆ ಎಂಬುದನ್ನು ಅವಲಂಬಿಸಿದೆ. ಕೈಗಾರಿಕೆಯೊಂದರ ಜೀವನಚಕ್ರದ ಲೆಕ್ಕಕ್ಕೆ, ಅಂದರೆ ಕಚ್ಚಾಮಾಲಿನಿಂದ ವಿಲೇವಾರಿಯ ತನಕದ ಪರಿಸರ ಪರಿಣಾಮದ ಎಣಿಕೆಗೆ, ಯೋಜನೆ ಹಾಕುವವರು ಮೊದಲು ತೀರ್ಮಾನಿಸಬೇಕಾದದ್ದೂ ಅದನ್ನೇ. ಆ ಗೆರೆ ಕಾಂಪೌಂಡ್ ಗೋಡೆಯ ಮೇಲೆ ಬೀಳಕೂಡದು ಎಂಬುದಕ್ಕೆ ಬೆಂಗಳೂರಿನ ಪೂರ್ವ ಭಾಗದ ಚರಿತ್ರೆಯೇ ಸಾಕ್ಷಿ.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಮೊದಲು ತಲುಪಿದ್ದು ಬೆಂಗಳೂರಿನಿಂದ ಪೂರ್ವಕ್ಕಿರುವ ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. ಕಾವೇರಿಯ ಜಲಪಾತ ಗಣಿಯ ಯಂತ್ರ ತಿರುಗಿಸಿತು, ಗಣಿಯ ಸಯನೈಡ್ ಮಣ್ಣು ಕೋಲಾರದಲ್ಲೇ ದಿಬ್ಬಗಳಾಗಿ ಉಳಿಯಿತು. ಗಣಿಗಳು 2001ರಲ್ಲಿ ಮುಚ್ಚಿದರೂ ದಿಬ್ಬಗಳು ಕರಗಲಿಲ್ಲ. ಮುಂದೆ 1948ರಲ್ಲಿ ಕೃಷ್ಣರಾಜಪುರದ ಪಕ್ಕ ದೂರವಾಣಿನಗರದಲ್ಲಿ ದೂರವಾಣಿ ಉಪಕರಣಗಳ ಕಾರ್ಖಾನೆ ಐಟಿಐ, 1956ರಲ್ಲಿ ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆ ಎನ್‌ಜಿಇಎಫ್ ಬಂದವು. ಅವುಗಳ ಬೆನ್ನಿಗೆ ಮಹದೇವಪುರ, ಹೂಡಿಗಳ ಕೈಗಾರಿಕೆಗಳು ಬೆಳೆದವು. ಒಂದೊಂದೂ ದೂರದ ನದಿಯ ವಿದ್ಯುತ್ ಬೇಡುವಂಥದ್ದೇ. 1974ರಿಂದ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಸಾಗಿ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ನಗರಕ್ಕೆ ಬರುತ್ತಿದೆ. 2007ರವರೆಗೆ ಬೆಂಗಳೂರು ಪಾಲಿಕೆಯ ಹೊರಗಿದ್ದ ಮಹದೇವಪುರ ಸೀಮೆ ಮಾತ್ರ ಬಹುಮಟ್ಟಿಗೆ ಕೊಳವೆಬಾವಿ, ಟ್ಯಾಂಕರ್‌ಗಳನ್ನೇ ನಂಬಿತ್ತು. ಬಳಸಿದ ನೀರಿನ ದಾರಿಯೂ ಅಷ್ಟೇ ಉದ್ದ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ನೊರೆಯೆದ್ದು ದಕ್ಷಿಣ ಪಿನಾಕಿನಿಗೆ ಇಳಿಯುತ್ತಿತ್ತು. 2018ರಿಂದ ಅದೇ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಒಮ್ಮೆ ಕಾವೇರಿಯ ವಿದ್ಯುತ್ ಪಡೆದ ಜಿಲ್ಲೆ ಈಗ ಬೆಂಗಳೂರು ಬಳಸಿಬಿಟ್ಟ ನೀರು ಪಡೆಯುತ್ತಿದೆ.

ನಮ್ಮ ಕಾನೂನಿನ ಕಣ್ಣು ಇಷ್ಟು ದೂರ ಹಾಯುವುದಿಲ್ಲ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಗಳು ಒಂದೊಂದು ಘಟಕಕ್ಕೂ ಅನುಮತಿ ಕೊಟ್ಟು ಅದರ ಚಿಮಣಿ, ಅದರ ಮೋರಿಗಳನ್ನು ಅಳೆಯುತ್ತವೆ. ಅದು ಬೇಕಾದ ಕೆಲಸವೇ, ಆದರೆ ಸಾಲದು. ವಸ್ತುವಿನ ಹುಟ್ಟಿನಿಂದ ವಿಲೇವಾರಿಯ ತನಕ ಲೆಕ್ಕ ಹಿಡಿಯುವ ಕ್ರಮಕ್ಕೆ ಮೂಲವೆನ್ನುವುದು 1969ರಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಪಾನೀಯದ ಪ್ಯಾಕಿಂಗ್ ಕುರಿತು ಮಾಡಿಸಿದ ಅಧ್ಯಯನವನ್ನು. 1997ರಲ್ಲಿ ಆ ಕ್ರಮ ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಗಡಿ ಹಿಗ್ಗಿಸುತ್ತ ಹೋದರೆ ಕೊನೆಯೆಲ್ಲಿ, ತಂತಿಯ ತಾಮ್ರದ ಗಣಿ, ಆ ಗಣಿಯ ಲಾರಿ, ಲಾರಿಯ ಟೈರು ಎಲ್ಲವನ್ನೂ ಎಣಿಸಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಮಾನದಂಡದ ಉತ್ತರ ಸರಳ: ಯಾವ ಕೆಲಸಕ್ಕೆ ಲೆಕ್ಕ ಎಂಬುದನ್ನು ಮೊದಲು ಹೇಳಬೇಕು, ಉದಾಹರಣೆಗೆ ಒಂದು ಟನ್ ಎಲೆಕ್ಟ್ರೋಡಿಗೆ ಎಂದು; ಫಲಿತಾಂಶವನ್ನು ಅಲುಗಿಸದ ಸಣ್ಣಪುಟ್ಟವನ್ನು ಕಾರಣ ಬರೆದಿಟ್ಟು ಬಿಡಬಹುದು. ಟೈರು ಬಿಟ್ಟರೆ ನಡೆದೀತು. ವಿದ್ಯುತ್ತನ್ನೂ ನೀರನ್ನೂ ಬಿಟ್ಟರೆ ನಡೆಯದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಗಡಿ ಹಿಗ್ಗಿದಷ್ಟೂ ಹೂಡಿಯ ಮಸಿ ದೇಶದ ಉಕ್ಕಿನ ಲಾಭದಲ್ಲಿ ಕರಗಿಹೋಗುತ್ತದೆ, ಉಸಿರಾಡುವವರ ಸಂಕಟ ಮೊತ್ತದಲ್ಲಿ ಕಾಣದಾಗುತ್ತದೆ ಎನ್ನುವುದು. ಈ ಭಯ ನಿಜ. ಜೀವನಚಕ್ರದ ಲೆಕ್ಕ ಸಾಮಾನ್ಯವಾಗಿ ಕಿಲೋಗಳನ್ನು ಕೂಡುತ್ತದೆ, ಅವು ಯಾರ ಮನೆಯ ಮೇಲೆ ಬಿದ್ದವು ಎಂದು ಕೇಳುವುದಿಲ್ಲ. ಆದರೆ ದೋಷ ಗಡಿಯದ್ದಲ್ಲ, ಎಲ್ಲವನ್ನೂ ಒಂದೇ ಅಂಕಿಗೆ ಇಳಿಸುವ ಆತುರದ್ದು. ಒಂದು ವಸ್ತು ಇನ್ನೊಂದಕ್ಕಿಂತ ಮೇಲು ಎಂದು ಸಾರ್ವಜನಿಕವಾಗಿ ಸಾರುವ ಅಧ್ಯಯನಗಳಲ್ಲಿ ಬೇರೆ ಬೇರೆ ಪರಿಣಾಮಗಳಿಗೆ ತೂಕ ಕೊಟ್ಟು ಒಟ್ಟುಗೂಡಿಸಕೂಡದು ಎಂದು 2006ರ ಐಎಸ್‌ಒ 14044 ಸ್ಪಷ್ಟವಾಗಿ ನಿಷೇಧಿಸಿದೆ. ಇಂಗಾಲ ಒಂದು ಸಾಲಿನಲ್ಲಿರಲಿ, ಧೂಳು ಇನ್ನೊಂದರಲ್ಲಿ, ಅಂತರ್ಜಲ ಮತ್ತೊಂದರಲ್ಲಿ. ಧೂಳಿನ ಸಾಲಿನ ಮುಂದೆ ಊರಿನ ಹೆಸರೂ ಇರಲಿ. ಇಂಗಾಲ ಉಳಿಸಿದ ಪುಣ್ಯ ಹೂಡಿಯವರ ಶ್ವಾಸಕೋಶಕ್ಕೆ ಪರಿಹಾರವಾಗದು.

2023ರ ಮಾರ್ಚ್‌ನಲ್ಲಿ ಗರುಡಾಚಾರ್‌ಪಾಳ್ಯಕ್ಕೆ ಮೆಟ್ರೊ ಬಂತು. ಹಳೆಯ ಶೆಡ್ಡುಗಳಿದ್ದ ಈ ಪಟ್ಟಿಯಲ್ಲೀಗ ಕಚೇರಿಗಳು, ಅಪಾರ್ಟ್‌ಮೆಂಟುಗಳು ಎದ್ದಿವೆ. ಚಿಮಣಿ ಇಲ್ಲವೆಂದು ಇವನ್ನು ನಿರ್ಮಲ ಎನ್ನುವುದು ಮತ್ತೆ ಗೋಡೆಯನ್ನೇ ಗಡಿ ಮಾಡಿಕೊಂಡಂತೆ. ಸಿಮೆಂಟು, ಉಕ್ಕು, ಡೀಸೆಲ್ ಜನರೇಟರ್, ಟ್ಯಾಂಕರ್ ನೀರು, ಹಳೆಯ ಕಂಪ್ಯೂಟರ್‌ಗಳ ವಿಲೇವಾರಿ ಎಲ್ಲವೂ ಇವುಗಳ ಲೆಕ್ಕಕ್ಕೆ ಸೇರಬೇಕಾದವು. ಹಳೆಯ ಕಾರ್ಖಾನೆಗಳ ಪಾಲಿಗೂ ಈ ಲೆಕ್ಕ ಹಾಕುವುದು ಇನ್ನೂ ಸಾಧ್ಯವಿದೆ: ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಕಡತಗಳು, ವಿದ್ಯುತ್ ಬಿಲ್ಲುಗಳು, ಕಚ್ಚಾಮಾಲಿನ ಖರೀದಿ ಪುಸ್ತಕಗಳು, ನಿವೃತ್ತ ಫೋರ್‌ಮನ್‌ಗಳ ನೆನಪು ಇವೇ ಅದರ ಕಚ್ಚಾ ದತ್ತಾಂಶ. ಜಮೀನು ಕೈಬದಲಾಗುವಾಗ ಈ ಕಾಗದಗಳು ಗುಜರಿಗೆ ಹೋಗದಂತೆ ಮೊದಲು ಸಂಗ್ರಹಿಸಿಡಬೇಕು.