ಪ್ರಯೋಗಶಾಲೆಯಿಂದ ಪೇಟೆಗೆ: ಬಂಗಾಳದ ಒಂದು ರಸಾಯನ ಕಾರ್ಖಾನೆಯ ಪ್ರಾರಂಭದ ದಿನಗಳು

ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆಯಿಂದ ಜನಕ್ಕೆ ಉಪಯುಕ್ತವಾದ ಪದಾರ್ಥಗಳು ಹೊರಬರಬೇಕೆಂಬ ಮಾತು ಈಚೆಗೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಸಣ್ಣ ಉದ್ಯಮಗಳೇ ಈ ಕಾರ್ಯಕ್ಕೆ ತಕ್ಕ ಸಾಧನವೆಂದೂ, ಪ್ರಾಧ್ಯಾಪಕರು ಕಂಡುಹಿಡಿದುದನ್ನು ಅವು ಪೇಟೆಗೆ ಒಯ್ಯುತ್ತವೆಂದೂ ಹೇಳುವುದುಂಟು. ಮಾತು ಹೊಸದಾಗಿ ಕಂಡರೂ ನಮ್ಮ ದೇಶದಲ್ಲಿ ಇದರ ಹಿಂದೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸದ ಮೊದಲ ಅಧ್ಯಾಯಗಳಲ್ಲಿ ಒಂದಾದ ಕಲ್ಕತ್ತೆಯ ಬೆಂಗಾಲ್ ಕೆಮಿಕಲ್ ಕಾರ್ಖಾನೆಯ ಪ್ರಾರಂಭವನ್ನು ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ. ಪ್ರಯೋಗಶಾಲೆಯಿಂದ ನಿಜವಾಗಿ ಪೇಟೆಗೆ ಹೋದದ್ದು ಯಾವುದು ಎಂಬುದೇ ನಮ್ಮ ಪ್ರಶ್ನೆ.

ಪ್ರಫುಲ್ಲಚಂದ್ರ ರಾಯರು 1861ರಲ್ಲಿ ಜನಿಸಿದರು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನು ವ್ಯಾಸಂಗಮಾಡಿ, 1887ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದು, ಮರುವರ್ಷ ಸ್ವದೇಶಕ್ಕೆ ಹಿಂದಿರುಗಿದರು. 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ತಿಂಗಳಿಗೆ 250 ರೂಪಾಯಿಗಳ ಒಂದು ಸಹಾಯಕ ಹುದ್ದೆ ದೊರೆಯಿತು. ಆ ಕಾಲಕ್ಕೆ ಆಸ್ಪತ್ರೆಗಳಿಗೂ ಔಷಧದ ಅಂಗಡಿಗಳಿಗೂ ಬೇಕಾದ ರಸಾಯನ ದ್ರವ್ಯಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಿಂದ ಬರುತ್ತಿದ್ದವು. ಓದಿದ ತರುಣರಿಗೆ ಸರ್ಕಾರದ ನೌಕರಿ ಅಥವಾ ವಕೀಲಿ ವೃತ್ತಿಯಲ್ಲದೆ ಬೇರೆ ದಾರಿಯಿರಲಿಲ್ಲ. ಈ ಎರಡು ಕೊರತೆಗಳನ್ನೂ ಒಟ್ಟಿಗೆ ನೀಗುವ ಉಪಾಯವೊಂದನ್ನು ರಾಯರು ಹುಡುಕುತ್ತಿದ್ದರು. 1892ರಲ್ಲಿ, ಸುಮಾರು 700 ರೂಪಾಯಿಗಳ ಬಂಡವಾಳದೊಡನೆ, ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ಸಂಖ್ಯೆಯ ತಮ್ಮ ಬಾಡಿಗೆಯ ಮನೆಯಲ್ಲಿಯೇ ಅವರು ಕೆಲಸವನ್ನಾರಂಭಿಸಿದರು.

ಈ ದಿನಗಳ ವಿಷಯದಲ್ಲಿ ನಮಗಿರುವ ಮುಖ್ಯ ಆಧಾರವೆಂದರೆ, 1932 ಮತ್ತು 1935ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದ ಅವರ ಆತ್ಮಚರಿತ್ರೆ. ಇದು ನಲವತ್ತು ವರ್ಷಗಳ ಅನಂತರ, ಕಾರ್ಖಾನೆ ಹೆಸರುವಾಸಿಯಾದ ಮೇಲೆ ಬರೆದ ನೆನಪು. ಗೆದ್ದವರ ನೆನಪಿನಲ್ಲಿ ಹಿಂದಿನ ಕಷ್ಟಗಳು ಗೆಲುವಿನ ಮೆಟ್ಟಿಲುಗಳಂತೆ ಕಾಣುವುದು ಸಹಜ. ಆದುದರಿಂದ ಅದನ್ನು ಎಚ್ಚರಿಕೆಯಿಂದ ಓದಬೇಕು. ಆದರೂ ಸೋಲುಗಳನ್ನು ಮರೆಮಾಚದೆ ಹೇಳಿರುವುದು ಆ ಗ್ರಂಥದ ಗುಣ. ಇತಿಹಾಸಕಾರನಿಗೆ ಅತ್ಯಂತ ಉಪಯುಕ್ತವಾದ ಭಾಗವೂ ಅದೇ.

ಮೊದಲನೆಯ ಪ್ರಯತ್ನಗಳಲ್ಲೊಂದು ನಿಂಬೆಯ ರಸದಿಂದ ಸಿಟ್ರಿಕ್ ಆಮ್ಲವನ್ನು ತೆಗೆಯುವುದಾಗಿತ್ತು. ವಿದ್ಯೆಯ ದೃಷ್ಟಿಯಿಂದ ಇದರಲ್ಲಿ ಕಷ್ಟವೇನೂ ಇರಲಿಲ್ಲ. ಆದರೆ ಖರ್ಚು ಗಿಟ್ಟಲಿಲ್ಲ, ಕೆಲಸವನ್ನು ಕೈಬಿಡಬೇಕಾಯಿತು. ಅನಂತರ ರಾಯರು ದನದ ಮೂಳೆಗಳಿಂದ ಸೋಡಿಯಂ ಫಾಸ್ಫೇಟನ್ನು ತಯಾರಿಸಲು ತೊಡಗಿದರು. ಮೂಳೆಯನ್ನು ಸುಟ್ಟು ಬೂದಿಮಾಡಿ, ಅದನ್ನು ಗಂಧಕಾಮ್ಲದೊಡನೆ ಬೆರೆಸಿ, ಬಂದ ದ್ರವ್ಯವನ್ನು ಸೋಡಾದೊಡನೆ ಸೇರಿಸುವುದು ಇದರ ಕ್ರಮ. ಕಸಾಯಿಖಾನೆಯವರಿಂದ ತರಿಸಿದ ಹಸಿಮೂಳೆಗಳನ್ನು ಮನೆಯ ಮಹಡಿಯ ಮೇಲೆ ಒಣಗಲು ಹರಡಿದರು. ಅಕಾಲದಲ್ಲಿ ಮಳೆ ಬಂದು, ಮೂಳೆಗೆ ಅಂಟಿದ್ದ ಮಾಂಸ ಕೊಳೆತು, ಹುಳು ಬಿದ್ದು, ಕಾಗೆಗಳು ಮುತ್ತಿ, ನೆರೆಯವರ ಅಂಗಳಗಳಲ್ಲಿ ಮೂಳೆಯ ಚೂರುಗಳು ಬೀಳತೊಡಗಿದವು. ಆಚಾರವಂತರಾದ ನೆರೆಹೊರೆಯವರು ದೂರಿತ್ತುದರಲ್ಲಿ ಆಶ್ಚರ್ಯವಿಲ್ಲ. ಮೂಳೆಗಳನ್ನು ಬೇರೆಡೆಗೆ ಸಾಗಿಸಿ ಸುಡಿಸಬೇಕಾಯಿತು. ಗ್ರಂಥದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ರಸಾಯನಕ್ರಿಯೆಗೆ ಮಳೆ, ಕಾಗೆ, ನೆರೆಮನೆ ಇವೆಲ್ಲವೂ ಸೇರಿಬರುತ್ತವೆ ಎಂಬುದನ್ನು ಪ್ರಾಧ್ಯಾಪಕರು ಹೀಗೆ ಕಲಿತರು.

ಪದಾರ್ಥ ತಯಾರಾದ ಮೇಲೆ ಅದನ್ನು ಮಾರುವ ಪ್ರಶ್ನೆ ಬಂದಿತು. ಔಷಧದ ವ್ಯಾಪಾರಿಗಳು ದೇಶೀಯ ಸರಕನ್ನು ಸಂಶಯದಿಂದ ನೋಡಿದರು. ಗಿರಾಕಿಗಳು ಕೇಳುವುದು ಸೀಮೆಯ ಔಷಧವನ್ನೇ ಎಂಬುದು ಅವರ ವಾದ. ಈ ಗಂಟನ್ನು ಬಿಡಿಸಿದವರು ರಾಯರ ಮಿತ್ರರಾದ ವೈದ್ಯ ಅಮೂಲ್ಯಚರಣ ಬಸು. ಅವರು ತಮ್ಮ ಸಹವೃತ್ತಿಯವರನ್ನು ಕಂಡು ಒಪ್ಪಿಸಿದರು. ರಾಧಾಗೋವಿಂದ ಕರ್, ನೀಲರತನ ಸರ್ಕಾರ್ ಮೊದಲಾದ ಪ್ರಸಿದ್ಧ ವೈದ್ಯರು ಈ ಔಷಧಗಳನ್ನು ಬರೆದುಕೊಡತೊಡಗಿದರು. ದೇಶದ ವೈದ್ಯಪದ್ಧತಿಯಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದ ಆಡುಸೋಗೆ, ನೆಲಬೇವು, ಓಮ ಮುಂತಾದವುಗಳ ಸಾರವನ್ನು ಹೊಸ ಕ್ರಮದಿಂದ ತೆಗೆದು ಮಾರಬಹುದೆಂಬ ಸೂಚನೆಗೆ ಬೆಂಬಲವಿತ್ತವರೂ ಅಮೂಲ್ಯಚರಣರೇ. ಈ ಪದಾರ್ಥಗಳನ್ನು ಜನ ಮೊದಲೇ ಬಲ್ಲವರಾಗಿದ್ದರು. ಕಾರ್ಖಾನೆ ಒದಗಿಸಿದ್ದು ಶುದ್ಧತೆಯನ್ನು ಮತ್ತು ಒಂದೇ ಸಮನಾದ ಪ್ರಮಾಣವನ್ನು.

ಈ ಸಾಹಸಕ್ಕೆ ತೆತ್ತ ಬೆಲೆ ಸಾಮಾನ್ಯವಾದುದಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎ. ಪದವಿಯನ್ನು ಪಡೆದು, ನೌಕರಿಯ ಆಸೆಯನ್ನು ಬಿಟ್ಟು ಕಾರ್ಖಾನೆಯನ್ನು ಸೇರಿದ್ದ ಸತೀಶಚಂದ್ರ ಸಿಂಹರು, ಕೆಲಸದಲ್ಲಿ ಸಂಭವಿಸಿದ ಆಕಸ್ಮಿಕದಿಂದ ಹೈಡ್ರೋಸಯನಿಕ್ ಆಮ್ಲದ ವಿಷಕ್ಕೆ ತುತ್ತಾದರು. 1898ರಲ್ಲಿ ಅಮೂಲ್ಯಚರಣರು ಪ್ಲೇಗಿಗೆ ಬಲಿಯಾದರು. ಸತೀಶಚಂದ್ರರು ಅಮೂಲ್ಯಚರಣರ ಸೋದರಿಯ ಪತಿ. ಒಂದೇ ಮನೆತನ ಎರಡು ಪೆಟ್ಟುಗಳನ್ನು ಸಹಿಸಬೇಕಾಯಿತು. ಬೆಂಗಾಲ್ ಕೆಮಿಕಲ್ ಎಂದೊಡನೆ ರಾಯರ ಹೆಸರೊಂದೇ ನೆನಪಿಗೆ ಬರುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ. ರಾಯರೇ ತಮ್ಮ ಆತ್ಮಚರಿತ್ರೆಯಲ್ಲಿ ಈ ಇಬ್ಬರನ್ನೂ ನೆನೆದಿದ್ದಾರೆ, ಮರೆತವರು ಅನಂತರದವರು.

1901ರಲ್ಲಿ ಸಂಸ್ಥೆ ಎರಡು ಲಕ್ಷ ರೂಪಾಯಿಗಳ ಬಂಡವಾಳದ ಲಿಮಿಟೆಡ್ ಕಂಪನಿಯಾಯಿತು. 1905ರಲ್ಲಿ ಮಾಣಿಕತಲಾದಲ್ಲಿ ಕಾರ್ಖಾನೆ ನೆಲೆಗೊಂಡಿತು. 1903ರಲ್ಲಿ ಕೆಲಸಕ್ಕೆ ಸೇರಿದ ರಾಜಶೇಖರ ಬಸು ಅದರ ಆಡಳಿತವನ್ನು ದೀರ್ಘಕಾಲ ನಿರ್ವಹಿಸಿದರು. ಬಂಗಾಳಿ ಸಾಹಿತ್ಯದಲ್ಲಿ 'ಪರಶುರಾಮ'ನೆಂದು ಪ್ರಖ್ಯಾತರಾದ ಹಾಸ್ಯಲೇಖಕರೂ ಇವರೇ. 1980ರಲ್ಲಿ ಸಂಸ್ಥೆ ರಾಷ್ಟ್ರೀಕರಣಗೊಂಡಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ರಾಯರಿಗೆ ವಿದ್ವತ್ ಪ್ರಪಂಚದಲ್ಲಿ ಕೀರ್ತಿಯನ್ನು ತಂದ ಸಂಶೋಧನೆಯೆಂದರೆ, 1896ರಲ್ಲಿ ಪ್ರಕಟವಾದ ಮರ್ಕ್ಯುರಸ್ ನೈಟ್ರೈಟ್ ಎಂಬ ಪಾದರಸದ ಸಂಯುಕ್ತವಸ್ತುವಿನ ವಿಷಯ. ಕಾರ್ಖಾನೆಯ ಏಳಿಗೆಗೆ ಕಾರಣವಾದದ್ದು ಅದಲ್ಲ. ಪೇಟೆಗೆ ಹೋದದ್ದು ಫಾಸ್ಫೇಟು, ಆಮ್ಲಗಳು, ಆಡುಸೋಗೆಯ ಪಾನಕ, ಓಮದ ಅರಕು. ಇವುಗಳಲ್ಲಿ ಯಾವುದೂ ಹೊಸ ಶೋಧವಲ್ಲ. ಹಾಗಾದರೆ ಪ್ರಯೋಗಶಾಲೆ ಕೊಟ್ಟದ್ದೇನು? ಅಳೆಯುವ, ತೂಗುವ, ಶುದ್ಧಿಯನ್ನು ಪರೀಕ್ಷಿಸುವ ಅಭ್ಯಾಸವನ್ನು. ಸೋತ ಪ್ರಯೋಗವನ್ನು ಮತ್ತೆ ಮಾಡುವ ತಾಳ್ಮೆಯನ್ನು. ಎಲ್ಲಕ್ಕಿಂತ ಮಿಗಿಲಾಗಿ, ಈ ಶಿಕ್ಷಣವನ್ನು ಪಡೆದ ತರುಣರನ್ನು. ಸಂಶೋಧನೆಯ ಫಲವನ್ನು ಪದಾರ್ಥಗಳ ಪಟ್ಟಿಯಿಂದ ಮಾತ್ರ ಎಣಿಸುವವರು ಈ ದೊಡ್ಡ ಕೊಡುಗೆಯನ್ನು ಕಾಣಲಾರರು.

ಮೈಸೂರು ಸೀಮೆಯ ಒಂದು ನಿದರ್ಶನವನ್ನು ಇದರೊಡನೆ ಹೋಲಿಸುವುದು ಉಚಿತ. 1914ರಲ್ಲಿ ಮಹಾಯುದ್ಧ ಪ್ರಾರಂಭವಾದಾಗ ಇಲ್ಲಿಯ ಶ್ರೀಗಂಧದ ಮರಕ್ಕೆ ಜರ್ಮನಿಯ ಪೇಟೆ ತಪ್ಪಿಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಸಂಸ್ಥಾನದ ಸರ್ಕಾರ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆಯನ್ನು ಸ್ಥಾಪಿಸಿತು. ಸ್ವಲ್ಪಕಾಲದಲ್ಲಿಯೇ ಸಾಬೂನಿನ ತಯಾರಿಕೆಯೂ ಆರಂಭವಾಯಿತು. ಇಲ್ಲಿ ಸಂಶೋಧನೆ ಪದಾರ್ಥವಾಗಲು ಕೆಲವೇ ವರ್ಷಗಳು ಸಾಕಾದವು. ಆದರೆ ಗಂಧದ ಮರ ಸರ್ಕಾರದ ಸ್ವತ್ತಾಗಿತ್ತು. ಎಣ್ಣೆಗೆ ಬೇಡಿಕೆ ಮೊದಲೇ ಇತ್ತು. ಬಂಡವಾಳ ಸಂಸ್ಥಾನದ ಬೊಕ್ಕಸದಿಂದ ಬಂದಿತು. ಕಲ್ಕತ್ತೆಯಲ್ಲಿ ಈ ಮೂರು ಅನುಕೂಲಗಳೂ ಇರಲಿಲ್ಲ. ಅಲ್ಲಿ ಒಬ್ಬ ಪ್ರಾಧ್ಯಾಪಕನ ಸಂಬಳ, ಒಬ್ಬ ವೈದ್ಯನ ಸ್ನೇಹಬಳಗ, ಒಬ್ಬ ವಿದ್ಯಾರ್ಥಿಯ ಪ್ರಾಣ ಈ ಕೊರತೆಯನ್ನು ತುಂಬಬೇಕಾಯಿತು.

ಇಂದು ಸಂಶೋಧಕರಿಗೆ ಉದ್ಯಮವನ್ನು ಹೂಡಿರೆಂದು ಉಪದೇಶಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ನಾವು ಭಾವಿಸುತ್ತೇವೆ. ಸಣ್ಣ ಉದ್ಯಮ ಸಂಶೋಧನೆಯನ್ನು ಪೇಟೆಗೆ ಒಯ್ಯಬಲ್ಲದೆಂಬುದು ನಿಜ. 700 ರೂಪಾಯಿಗಳಿಂದ ಆರಂಭವಾದ ಕಾರ್ಖಾನೆಯೇ ಅದಕ್ಕೆ ಸಾಕ್ಷಿ. ಆದರೆ ನಷ್ಟದ ಹೊರೆಯನ್ನು ಯಾರು ಹೊರಬೇಕೆಂಬುದನ್ನು ಮೊದಲೇ ನಿರ್ಧರಿಸದಿದ್ದರೆ, ಅದು ಕೊನೆಗೆ ಬೀಳುವುದು ನಂಬಿ ಬಂದ ತರುಣರ ಮೇಲೆ. ಸತೀಶಚಂದ್ರರ ಕಥೆಯನ್ನು ಉತ್ಸಾಹದ ಕಥೆಯೆಂದು ಮಾತ್ರ ಹೇಳದೆ, ಲೆಕ್ಕದ ಪುಸ್ತಕದ ಖರ್ಚಿನ ಪಕ್ಕದಲ್ಲಿಯೂ ಬರೆದಿಡುವುದು ಇತಿಹಾಸಕಾರನ ಕರ್ತವ್ಯ.